ಫ್ರಿಜ್ಜಿನ ಮೇಲೊಬ್ಬ ಯುದ್ಧಕೈದಿ

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಬ್ಬ ರಾಕ್ಷಸ ಕೂತಿದ್ದಾನೆ. ಗೇಣುದ್ದದ ಪ್ಲಾಸ್ಟಿಕ್ ದೇಹ, ಆರು ಕೈ, ಒಂದೊಂದು ಕೈಯಲ್ಲೂ ಒಂದೊಂದು ಗಡಿಯಾರ, ಜಗತ್ತನ್ನು ಮುಗಿಸಿಯೇ ಊಟಕ್ಕೆ ಕೂರುತ್ತೇನೆಂಬ ಮುಖ. ಹಣೆಯ ಮೇಲೆ ಮಾತ್ರ ಕಾಸಗಲದ ಕುಂಕುಮ. ಧೂಳು ಒರೆಸುವಾಗಲೆಲ್ಲ ಅದನ್ನು ಅಳಿಸಲು ನೋಡಿದ್ದೇನೆ. ಸೋಪು ಆಯಿತು, ಕೊಬ್ಬರಿ ಎಣ್ಣೆ ಆಯಿತು. ಕೊನೆಗೆ ನೇಲ್ ಪಾಲಿಶ್ ರಿಮೂವರ್ ಹಚ್ಚಿ ತಿಕ್ಕಿದೆ. ಅದರಿಂದ ಅವನ ಎಡಗಡೆಯ ಹುಬ್ಬು ಹೋಯಿತೇ ಹೊರತು ಕುಂಕುಮ ಹೋಗಲಿಲ್ಲ. ಮನೆಗೆ ಬಂದವರು ನೀರು ಕುಡಿಯುತ್ತಾ ಅವನನ್ನೊಮ್ಮೆ ನೋಡುತ್ತಾರೆ, ನನ್ನನ್ನೊಮ್ಮೆ ನೋಡುತ್ತಾರೆ, ಲೋಟ ಕೆಳಗಿಟ್ಟು ಹವೆಯ ವಿಷಯ ಮಾತಾಡುತ್ತಾರೆ. ನೀವು ಹಾಗಲ್ಲ, ಕೇಳಿಯೇ ಕೇಳುತ್ತೀರಿ. ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ಮೊದಲನೆಯದಾಗಿ, ಅವನು ನಮ್ಮವನಲ್ಲ. ಮೇಲಿನ ಮನೆಯ ಪೂವಿಯವನು. ನಾವಿರುವುದು ದಿಲ್ಲಿಯ ಲೋಧಿ ಕಾಲೋನಿಯಲ್ಲಿ, ನನ್ನ ಗಂಡನಿಗೆ ಸಿಕ್ಕಿರುವ ಹಳೆಯ ಸರ್ಕಾರಿ ಫ್ಲ್ಯಾಟಿನಲ್ಲಿ. ನಮ್ಮ ತಲೆಯ ಮೇಲೆಯೇ ಕೊಡಗಿನ ದೇಚಮ್ಮನ ಮನೆ. ಅವಳಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಗಂಡ ಸೈನ್ಯದಲ್ಲಿ, ಯಾವುದೋ ಹಿಮದ ಗಡಿಯಲ್ಲಿ. ಅವರ ಮಗಳು ಪೂವಿ ಮತ್ತು ನನ್ನ ಮಗಳು ಇಂಚರ ಒಂದೇ ಶಾಲೆ, ಒಂದೇ ಕ್ಲಾಸು. ಶಾಲೆಯಿಂದ ಬಂದು ಎರಡು ಮನೆಗೂ ನಡುವಿನ ಮೆಟ್ಟಿಲ ಮೇಲೆ ಕೂತರೆಂದರೆ ದೀಪ ಹಚ್ಚುವ ತನಕ ಮಾತೇ ಮಾತು. ಮಾತೆಂದರೆ ಪಾಠವಲ್ಲ, ಸಿನಿಮಾ ಅಲ್ಲ. ಅವರು ನೋಡುತ್ತಿದ್ದ ಜಪಾನಿನ ಕಾರ್ಟೂನು. ಕಾರ್ಟೂನು ಅಂದರೆ ಇಬ್ಬರಿಗೂ ಸಿಟ್ಟು ಬರುತ್ತದೆ. ಆನಿಮೆ ಅನ್ನಬೇಕಂತೆ.

ಆ ಆನಿಮೆಯಲ್ಲಿ ಇಬ್ಬರು ಖಳರು. ಒಬ್ಬ ಕರಿಕೋಟಿನವನು, ಜನರ ನೆರಳನ್ನು ತಿನ್ನುತ್ತಾನೆ. ಯಾರ ನೆರಳು ಅವನ ಹೊಟ್ಟೆ ಸೇರಿತೋ ಅವರು ಅವನ ಆಳು. ಇನ್ನೊಬ್ಬ ಈ ಆರು ಕೈಯವನು. ಉಸಿರು ಬಿಗಿಹಿಡಿದಷ್ಟು ಹೊತ್ತು ಕಾಲವನ್ನೇ ನಿಲ್ಲಿಸಿಬಿಡುತ್ತಾನೆ. ಇಬ್ಬರಿಗೂ ಬಾಯಲ್ಲಿ ನಿಲ್ಲದ ಜಪಾನಿ ಹೆಸರುಗಳಿವೆ. ನಾನು ಅವರಿಗೆ ನೆರಳು ನುಂಗೋನು, ಗಡಿಯಾರದೋನು ಅಂತ ಇಟ್ಟ ಹೆಸರೇ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದೆ. ಕಥೆ ಬರೆದವನು ಜಾಣ. ಒಬ್ಬನನ್ನು ಮುಗಿಸಿದ ಮೇಲೆಯೇ ಇನ್ನೊಬ್ಬನನ್ನು ತಂದಿದ್ದಾನೆ, ಇಬ್ಬರೂ ಮುಖಾಮುಖಿಯಾಗುವುದೇ ಇಲ್ಲ. ಹಾಗಾಗಿ, ಆಗಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡುವ ಭಾರ ಲೋಧಿ ಕಾಲೋನಿಯ ಮೆಟ್ಟಿಲ ಮೇಲೆ ಬಿದ್ದಿತ್ತು. ಪೂವಿ ಗಡಿಯಾರದವನ ಪಕ್ಷ, ಇಂಚರ ನೆರಳಿನವನ ಪಕ್ಷ.

"ಮೇರಾ ವಾಲಾ ಟೈಮ್ ಸ್ಟಾಪ್ ಮಾಡ್ದ ಅಂದ್ರೆ ಖತಮ್. ನಿನ್ನೋನು ಫ್ರೀಜ್," ಎನ್ನುತ್ತಿದ್ದಳು ಪೂವಿ.

"ಅವ್ನು ಫ್ರೀಜ್ ಆಗ್ತಾನೆ ಯಾರ್, ಅವ್ನು ತಿಂದಿರೋ ನೆರಳೆಲ್ಲ ಆಗಲ್ಲ. ಶಾಡೋ ತೋ ಬಾಡಿ ನಹೀಂ ಹೈ," ಎನ್ನುತ್ತಿದ್ದಳು ಇಂಚರ.

"ಟೈಮ್ ನಿಂತ್ರೆ ಲೈಟೂ ನಿಲ್ಲುತ್ತೆ. ಲೈಟೇ ಇಲ್ದೆ ಶಾಡೋ ಕಹಾಂ ಸೇ ಬರುತ್ತೆ?"

ಇದು ಭೌತಶಾಸ್ತ್ರವೋ ವೇದಾಂತವೋ ನನಗೆ ತಿಳಿಯದು. ಒಂದು ಸಲ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ, "ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಂಡ್ರೆ ಆಗಲ್ವೇನ್ರೇ?" ಅಂದೆ. ಎಲೆ ಎತ್ತಿದ ಮೇಲೆ ಉಪ್ಪು ಬಡಿಸಲು ಬಂದವಳನ್ನು ನೋಡುವ ಹಾಗೆ ಇಬ್ಬರೂ ನನ್ನನ್ನು ನೋಡಿದರು. ಯುದ್ಧಭೂಮಿ ಯಾವುದು ಎಂಬುದೂ ಅವರಿಗೆ ದೊಡ್ಡ ಪ್ರಶ್ನೆ. ಲೋಧಿ ಗಾರ್ಡನ್ನಿನ ಗುಮ್ಮಟದ ಹತ್ತಿರ ಎಂದು ಒಪ್ಪಂದವಾಯಿತು, ತಿಂಗಳು ಗೊತ್ತು ಮಾಡುವಲ್ಲಿ ಮುರಿದುಬಿತ್ತು. ನವೆಂಬರಿನಲ್ಲಾದರೆ ದಿಲ್ಲಿಯ ಹೊಗೆಮಂಜಿನಲ್ಲಿ ಯಾರಿಗೂ ನೆರಳೇ ಬೀಳುವುದಿಲ್ಲ, ನೆರಳು ನುಂಗುವವನು ಉಪವಾಸ ಸಾಯುತ್ತಾನೆ ಎಂದು ಪೂವಿ. ಮೇ ತಿಂಗಳಲ್ಲಾದರೆ ಆ ಬಿಸಿಲಿಗೆ ಗಡಿಯಾರಗಳೇ ಕರಗುತ್ತವೆ ಎಂದು ಇಂಚರ. ನನ್ನ ಗಂಡ ಪೇಪರು ಕೆಳಗಿಳಿಸಿ, "ಕಾಲ ನಿಲ್ಲಿಸೋದು ಅಂಥಾ ದೊಡ್ಡ ಶಕ್ತಿಯೇನಲ್ಲ. ನಮ್ಮ ಸೆಕ್ಷನ್‌ನಲ್ಲಿ ಊಟ ಆದ್ಮೇಲೆ ದಿನಾ ನಿಲ್ಲುತ್ತೆ," ಎಂದು ಹೇಳಿ ಮತ್ತೆ ಪೇಪರಿನೊಳಗೆ ಹೋದರು.

ನಿಜ ಹೇಳಬೇಕೆಂದರೆ ನನಗೆ ಈ ಜಗಳ ಹೊಸದೇನಲ್ಲ. ನಾನು ಬೆಳೆದದ್ದು ಮೈಸೂರಿನಲ್ಲಿ, ಗರಡಿಮನೆಯ ಪಕ್ಕದ ಬೀದಿಯಲ್ಲಿ. ನಮ್ಮ ತಾತನಿಗೆ ಒಬ್ಬ ಗೆಳೆಯರಿದ್ದರು, ಹುಸೇನ್ ಸಾಬರು, ಟೈಲರು. ಊರಿನಲ್ಲಿ ಇಬ್ಬರು ಪೈಲ್ವಾನರಿದ್ದರು. ಕೆಸರೆಯ ದೊಡ್ಡ ಪೈಲ್ವಾನ್ ತಾತನ ಕಡೆ, ಮಂಡಿ ಮೊಹಲ್ಲಾದ ಸಣ್ಣ ಪೈಲ್ವಾನ್ ಸಾಬರ ಕಡೆ. ಆ ಪೈಲ್ವಾನರಿಬ್ಬರೂ ಒಂದೇ ಉಸ್ತಾದರ ಶಿಷ್ಯರು. ಒಂದೇ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು ಜನರೆದುರು ಕುಸ್ತಿ ಹಿಡಿಯಬಾರದೆಂಬುದು ಅವರ ಕಟ್ಟಳೆ. ಹಾಗಾಗಿ ಅವರು ಹಿಡಿಯಲಿಲ್ಲ. ಅವರ ಪರವಾಗಿ ನಮ್ಮ ಜಗಲಿಯ ಮೇಲೆ ಈ ಇಬ್ಬರು ಮುದುಕರು ದಿನಾ ಸಂಜೆ ಹಿಡಿಯುತ್ತಿದ್ದರು.

ತಾತನ ಊರುಗೋಲು ದೊಡ್ಡ ಪೈಲ್ವಾನ್, ಸಾಬರ ಕೊಡೆ ಸಣ್ಣ ಪೈಲ್ವಾನ್. ಕೋಲು ಹೀಗೆ ಪಟ್ಟು ಹಾಕಿದರೆ ಕೊಡೆ ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ತೋರಿಸಲು ಹೋಗಿ ಎಷ್ಟೋ ಸಲ ಕೊಡೆಯ ಕಡ್ಡಿ ಮುರಿದಿದೆ. ಕಾಫಿ ಕೊಡಲು ಹೋದ ನಾನು ಅಲ್ಲೇ ಕೂತುಬಿಡುತ್ತಿದ್ದೆ. ನನಗಾಗ ಕುಸ್ತಿ ಅಂದರೆ ಕೋಲಿಗೂ ಕೊಡೆಗೂ ಆಗುವ ಜಗಳ ಎಂದೇ ತಿಳುವಳಿಕೆ. ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ಹಾಗೆಂದೇ ಹೇಳಿ ಬೆಂಚಿನ ಮೇಲೆ ನಿಂತಿದ್ದೇನೆ. ಅಜ್ಜಿ ಒಳಗಿನಿಂದ, "ಆ ಪೈಲ್ವಾನರಿಬ್ಬರೂ ಮೊಮ್ಮಕ್ಕಳನ್ನ ಕಂಡ್ರು, ನಿಮ್ಮ ಕುಸ್ತಿ ಇನ್ನೂ ಮುಗೀಲಿಲ್ವಲ್ಲ," ಎನ್ನುತ್ತಿದ್ದರು. ಪೈಲ್ವಾನರಿಬ್ಬರೂ ಒಟ್ಟಿಗೇ ಮಾರ್ಕೆಟ್ಟಿಗೆ ಬಂದು ಸೊಪ್ಪು ಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಎಲ್ಲಿಂದ ಎಲ್ಲಿಗೋ ಬಂದೆ. ದಸರೆಗೆ ಕೆಲವು ವಾರ ಇರುವಾಗ ದೇಚಮ್ಮನ ಗಂಡನಿಗೆ ಪುಣೆಗೆ ಪೋಸ್ಟಿಂಗ್ ಆಯಿತು. ಎಷ್ಟೋ ವರ್ಷಗಳ ಮೇಲೆ ಮೂವರೂ ಒಂದೇ ಸೂರಿನಡಿ ಇರಬಹುದಾದ ಊರು. ದೇಚಮ್ಮ ಓಡಾಡಿ ತನಗೂ ಅಲ್ಲಿಗೇ ವರ್ಗ ಮಾಡಿಸಿಕೊಂಡಳು. ವಿಜಯದಶಮಿ ಕಳೆದ ಕೂಡಲೇ ಸಾಮಾನಿನ ಲಾರಿ ಬರುವುದೆಂದಾಯಿತು. ಸಂತೋಷದ ಸುದ್ದಿಯೇ. ಅಂದು ಸಂಜೆ ಮಕ್ಕಳಿಬ್ಬರೂ ನಮ್ಮ ಸೋಫಾದ ಮೇಲೆ ತಮ್ಮ ತಮ್ಮ ರಾಕ್ಷಸರನ್ನು ಹಿಡಿದು ಕೂತಿದ್ದರು. ಎಂದಿನ ವಾದವೇ ನಡೆದಿತ್ತು. ಇದ್ದಕ್ಕಿದ್ದಂತೆ ಇಂಚರ ಹೇಳಿದಳು: "ನೀನು ಹೋಗ್ತಿದೀಯಲ್ಲ. ಮೈದಾನ ಬಿಟ್ಟು ಹೋದ್ರೆ ವಾಕೋವರ್. ನನ್ನೋನೇ ಗೆದ್ದ."

ಪೂವಿ ಕೈಯಲ್ಲಿದ್ದ ಗಡಿಯಾರದವನನ್ನು ಸೋಫಾದ ಮೇಲೆ ಬಿಸಾಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹೋದಳು. ಅಲ್ಲಿಗೆ ಮಾತು ನಿಂತಿತು. ಶಾಲೆಯ ವ್ಯಾನಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಮೆಟ್ಟಿಲ ಮೇಲೆ ಬೆಕ್ಕು ಬಂದು ಮಲಗತೊಡಗಿತು. ಒಂದು ಸಲ ಹೋಗಿ ಮಾತಾಡಿಸೆಂದು ನಾನು ಇಂಚರಳಿಗೆ ಹೇಳಿದರೆ, "ಹೋಗ್ತಿರೋದು ಅವ್ಳು. ಅವ್ಳೇ ಬರ್ಲಿ. ಮುಝೆ ಕ್ಯಾ," ಅಂದಳು. ಅನ್ನ ಕಲಸಿದಳು, ತಿನ್ನಲಿಲ್ಲ.

ನನಗೆ ಭಯವಾಯಿತು. ಈ ಮಕ್ಕಳು ಮಾತಾಡದೆಯೇ ಲಾರಿ ಹೊರಟುಬಿಟ್ಟರೆ ಆ ವಾಕೋವರ್ ಎಂಬ ಮಾತೇ ಕೊನೆಯ ಮಾತಾಗಿ ಉಳಿಯುತ್ತದಲ್ಲ ಅನ್ನಿಸಿತು. ದೇಚಮ್ಮನ ಹತ್ತಿರ ಹೇಳಿಕೊಂಡೆ. ಅವಳು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಾ, "ಅಕ್ಕ, ಫೌಜಿ ಮಕ್ಕಳಿಗೆ ಊರು ಬಿಡೋದು ಅಭ್ಯಾಸ ಅಂತ ಎಲ್ಲರೂ ಹೇಳ್ತಾರೆ. ಅಭ್ಯಾಸ ಏನೂ ಆಗಲ್ಲ. ಇವಳು ಪ್ರತಿ ಊರಲ್ಲೂ ಹೊರಡೋ ಮುಂಚೆ ಯಾರ ಜೊತೆಗಾದ್ರೂ ಜಗಳ ಮಾಡ್ಕೊಂಡೇ ಹೊರಡ್ತಾಳೆ. ಜಗಳ ಆಗಿದ್ರೆ ಅಳೋದು ಬೇಡ ನೋಡಿ," ಅಂದಳು. ಹೇಳಿದವಳ ಕಣ್ಣೇ ಒದ್ದೆಯಾಗಿತ್ತು.

ಸರಿ, ನಾನು ಒಂದು ಉಪಾಯ ಹೂಡಿದೆ. ನನ್ನ ಆಫೀಸು ಗುರುಗ್ರಾಮದಲ್ಲಿ. ಜೋರ್ ಬಾಗ್‌ನಲ್ಲಿ ಮೆಟ್ರೋ ಹತ್ತಿದರೆ ಒಂದು ಧಾರಾವಾಹಿ ನೋಡುವಷ್ಟು ದಾರಿ. ಆ ಆನಿಮೆಯನ್ನು ಮೊದಲಿಂದ ನೋಡಿ, ನಾನೇ ನ್ಯಾಯ ಹೇಳಿ ಇಬ್ಬರನ್ನೂ ಕೂಡಿಸಿಬಿಡುತ್ತೇನೆಂದು ಹೊರಟೆ. ಸೀರೆ ಉಟ್ಟು, ಟಿಫನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ರಾಕ್ಷಸನೊಬ್ಬ ಇಡೀ ಊರಿನ ನೆರಳು ಹೀರುವುದನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗನೊಬ್ಬ ತಡೆಯಲಾರದೆ, "ಆಂಟೀ ಜೀ, ಇಸ್ಕೋ ಛೋಡಿಯೇ, ಸೀಸನ್ ತೀನ್ ದೇಖಿಯೇ. ಉಸ್ ಮೇಂ ಘಡಿ ವಾಲಾ ಆತಾ ಹೈ," ಎಂದು, ಗಡಿಯಾರದವನು ಬರುವ ಮೂರನೇ ಸೀಸನ್ನೇ ನೋಡಿರೆಂಬ ಹಿತವಚನ ಹೇಳಿ ಇಳಿದುಹೋದ. ಆ ವಾರ ನಾನು ಎರಡು ಸಲ ನನ್ನ ಸ್ಟೇಷನ್ ದಾಟಿ ಹೋಗಿ ವಾಪಸು ಬಂದೆ. ಮ್ಯಾನೇಜರಿಗೆ ಮೆಟ್ರೋ ತಡ ಎಂದೆ.

ಅಷ್ಟರಲ್ಲಿ ನವರಾತ್ರಿ ಬಂತು, ನಮ್ಮ ಅತ್ತೆಯ ರಾಜ್ಯಭಾರ ಶುರುವಾಯಿತು. ಮೈಸೂರಿನಿಂದ ದಿಲ್ಲಿಗೆ ಬಂದಾಗ ಅವರು ತಂದದ್ದು ಎರಡು ಟ್ರಂಕು. ಒಂದರಲ್ಲಿ ಬಟ್ಟೆ, ಒಂದರಲ್ಲಿ ಗೊಂಬೆ. ಟ್ರಂಕು, ಸ್ಟೂಲು, ಹಲಗೆ ಎಲ್ಲ ಒಟ್ಟಿ, ಮೇಲೆ ಬಿಳಿ ಪಂಚೆ ಹಾಸಿದರೆ ಗೊಂಬೆ ಮೆಟ್ಟಿಲು ಸಿದ್ಧ. ಮೇಲೆ ಪಟ್ಟದ ಗೊಂಬೆ, ರಾಜರಾಣಿ. ಕೆಳಗೆ ಶೆಟ್ಟಿ ಶೆಟ್ಟಮ್ಮ, ಅವರ ಮುಂದೆ ಪುಟಾಣಿ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ. ಇಂಚರ ಬೇಜಾರಿನಲ್ಲೇ ತನ್ನ ನೆರಳು ನುಂಗುವವನನ್ನು ತಂದು, "ಇವ್ನನ್ನೂ ಇಡಿ ಅಜ್ಜಿ," ಅಂದಳು. ಅತ್ತೆಗೆ ಕಣ್ಣು ಮಂಜು. ಹಿಡಿದು, ತಿರುಗಿಸಿ ನೋಡಿ, "ಕರಿಕೋಟು ಹಾಕಿದಾನೆ, ವಕೀಲನಿರಬೇಕು," ಎಂದು ರಾಜನ ಪಕ್ಕದಲ್ಲೇ ಇಟ್ಟರು. ಆಮೇಲೆ ಸೋಫಾದ ದಿಂಬಿನ ಹಿಂದೆ ಬಿದ್ದಿದ್ದ ಗಡಿಯಾರದವನೂ ಅವರ ಕೈಗೆ ಸಿಕ್ಕಿದ. ಆರು ಗಡಿಯಾರ ಕಂಡು ಅವರಿಗೆ ಸಂಶಯವೇ ಉಳಿಯಲಿಲ್ಲ. ಗಡಿಯಾರ ರಿಪೇರಿಯವನೆಂದು ಅವನನ್ನು ಶೆಟ್ಟರ ಅಂಗಡಿಯ ಮಗ್ಗುಲಲ್ಲಿ ಕೂರಿಸಿದರು. ಇಬ್ಬರಿಗೂ ಬೆರಳು ಒತ್ತಿ ಕುಂಕುಮ ಇಟ್ಟರು.

ಮಾರನೆಯ ದಿನ ಎದುರು ಬ್ಲಾಕಿನ ಶರ್ಮಾ ಆಂಟಿ ಗೊಂಬೆ ನೋಡಲು ಬಂದರು. ಮೇಲಿನಿಂದ ಕೆಳಗಿನವರೆಗೂ ಕೈಮುಗಿಯುತ್ತಾ ಬಂದವರು ಅಂಗಡಿಯ ಹತ್ತಿರ ನಿಂತು, "ಯೇ ಛೇ ಹಾಥ್ ವಾಲೇ ಆಪ್ ಕೇ ಕೌನ್ ಸೇ ಭಗವಾನ್ ಹೈಂ?" ಎಂದು ಆರು ಕೈಯ ದೇವರ ಹೆಸರು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ತಮ್ಮ ಗಟ್ಟಿ ಹಿಂದಿಯಲ್ಲಿ, "ಭಗವಾನ್ ನಹೀಂ. ಘಡಿ ರಿಪೇರ್ ಕರತಾ ಹೈ," ಅಂದರು. ಶರ್ಮಾ ಆಂಟಿ ಮುಗಿದ ಕೈ ಬಿಡಲಿಲ್ಲ. "ಅಚ್ಛಾ, ಅಚ್ಛಾ," ಎಂದು ಅವನ ಕಾಲಬುಡದಲ್ಲೂ ಒಂದು ಹೂವಿಟ್ಟರು. ಯಾವ ಹುತ್ತದಲ್ಲಿ ಯಾವ ಹಾವೋ ಎಂಬ ಧೋರಣೆ.

ಅತ್ತೆಗೆ ಮಕ್ಕಳ ಜಗಳದ ವಿಷಯ ನಾನೇನೂ ಹೇಳಿರಲಿಲ್ಲ. ಅವರು ಗಮನಿಸಿದ್ದು ಒಂದೇ, ಮೇಲಿನ ಮನೆಯ ಹುಡುಗಿ ಈ ಸಲ ಗೊಂಬೆ ಆರತಿಗೆ ಬಂದಿಲ್ಲ. ಮಂಡಿನೋವಿನ ಕಾಲು ಎಳೆದುಕೊಂಡು, ಕುಂಕುಮದ ಭರಣಿ ಹಿಡಿದು ತಾವೇ ಮೆಟ್ಟಿಲು ಹತ್ತಿದರು. "ಗೊಂಬೆಗೆ ಕರೆದ್ರೆ ಬರಲ್ಲ ಅನ್ನಬಾರದು ಮಗು. ಹೆಣ್ಣುಮಕ್ಕಳು ಬರದಿದ್ರೆ ಗೊಂಬೆ ಮುಖ ಬಾಡುತ್ತೆ," ಅಂದರಂತೆ. ಮುದುಕಿ ಅಷ್ಟು ಮೆಟ್ಟಿಲು ಹತ್ತಿ ಬಂದ ಮೇಲೆ ಪೂವಿ ಏನು ಹೇಳುತ್ತಾಳೆ? ಸಂಜೆ ಅಮ್ಮನ ಹಿಂದೆ ಅಡಗಿಕೊಂಡು ಬಂದಳು.

ಇಂಚರ ಉಸಲಿಯ ತಟ್ಟೆಯಲ್ಲಿ ಕಡಲೆಕಾಳು ಎಣಿಸುವವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು. ಪೂವಿ ಗೋಡೆಗೆ ಒರಗಿ ನಿಂತು ಸುಮ್ಮನೆ ಮೇಲಿನಿಂದ ಕೆಳಗೆ ನೋಡಿದಳು. ನೆರಳು ನುಂಗುವವನು ರಾಜನ ಮಗ್ಗುಲಲ್ಲಿ. ತನ್ನವನು ಕೆಳಗೆ, ಬೇಳೆ ಬೆಲ್ಲದ ಪಕ್ಕ. ಮುಖ ಕೆಂಪಾಯಿತು.

"ಮೇರಾ ವಾಲಾ ನೀಚೇ ಕ್ಯೂಂ ಹೈ?"

ಅಷ್ಟು ದಿನಗಳ ಮೇಲೆ ಅವಳು ಇಂಚರಳಿಗೆ ಆಡಿದ ಮೊದಲ ಮಾತು ಅದು. ನನಗಂತೂ ಮಂಗಳಾರತಿಯ ಗಂಟೆ ಕೇಳಿದಷ್ಟು ಹಿತವಾಯಿತು.

"ನಾನಲ್ಲ. ಅಜ್ಜಿ ನೇ ರಖಾ," ಅಂದಳು ಇಂಚರ, ತಲೆ ಎತ್ತದೆ.

"ಅಜ್ಜಿ, ಇವ್ನು ಟೈಮ್ ಸ್ಟಾಪ್ ಮಾಡ್ತಾನೆ. ಹೀ ಈಸ್ ದ ಸ್ಟ್ರಾಂಗೆಸ್ಟ್. ಮೇಲೆ ಇಡಿ."

ಅತ್ತೆ ಶಾಂತವಾಗಿ, "ಗಡಿಯಾರ ನಿಂತ್ರೆ ರಿಪೇರಿ ಮಾಡೋನು ಇವ್ನು. ಕಷ್ಟಪಟ್ಟು ದುಡಿಯೋನು, ಅಂಗಡಿ ಬೀದೀಲಿ ಇದ್ರೆ ನಾಕು ಜನ ಗಿರಾಕಿ ಬರ್ತಾರೆ. ಅವ್ನು ವಕೀಲ, ರಾಜನ ಹತ್ರ ಇರಲಿ," ಅಂದರು.

ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಚರಳಿಗೆ ಮೊದಲು ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಕಡಲೆ ಹೊರಬಂತು. ಪೂವಿ ಗೋಡೆ ಹಿಡಿದುಕೊಂಡು ಕುಸಿದು ಕೂತು ನಕ್ಕಳು. ನಗು ನಿಂತಾಗ ಇಬ್ಬರೂ ಒಂದೇ ಚಾಪೆಯ ಮೇಲಿದ್ದರು. ಇಟ್ಟ ಗೊಂಬೆಯನ್ನು ದಶಮಿಯವರೆಗೂ ಜರುಗಿಸಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರಿಂದ, ತನ್ನವನಿಗೆ ಅವಮಾನವಾಗದಂತೆ ಕಾಯಲು ಪೂವಿ ದಿನಾ ಸಂಜೆ ಬರಲೇಬೇಕಾಯಿತು. ಕೇಸು ನಡೆದರೆ ವಕೀಲ ಗೆಲ್ಲುತ್ತಾನೋ ರಿಪೇರಿಯವನೋ ಎಂಬ ಹೊಸ ಅಧ್ಯಾಯವೂ ಸೇರಿಕೊಂಡಿತು.

ವಿಜಯದಶಮಿಯ ಸಂಜೆ ಆರತಿ ಎತ್ತಿ ಗೊಂಬೆಗಳನ್ನು ಮಲಗಿಸುವುದು ನಮ್ಮಲ್ಲಿ ಪದ್ಧತಿ. ಪಟ್ಟದ ಗೊಂಬೆ ಮಲಗಿತು. ಅತ್ತೆಯ ಕೈ ವಕೀಲನ ಕಡೆ ಹೋಯಿತು. ಇಂಚರ ಆ ಕೈ ಹಿಡಿದುಕೊಂಡಳು. ಮೊದಲು ಮಲಗಿದವನು ಸೋತ ಹಾಗಂತೆ. ಅತ್ತೆ ರಿಪೇರಿಯವನ ಕಡೆ ಹೋದರೆ ಆ ಕೈಯನ್ನು ಪೂವಿ ಹಿಡಿದುಕೊಂಡಳು. ಎರಡೂ ಕೈ ಬಂಧನದಲ್ಲಿರುವ ಅತ್ತೆ ನನ್ನ ಮುಖ ನೋಡಿದರು. ಇದೇ ನನ್ನ ಮುಹೂರ್ತವೆಂದು ನಾನು ಗಂಟಲು ಸರಿಮಾಡಿಕೊಂಡೆ.

"ನೋಡಿ ಮಕ್ಕಳೇ. ಮೂರನೇ ಸೀಸನ್‌ನಲ್ಲಿ ಗಡಿಯಾರದವನು ಸೇತುವೆ ಮೇಲೆ ಕಾಲ ನಿಲ್ಲಿಸ್ತಾನಲ್ಲ, ಆಗ ನೀರಿನಲ್ಲಿ ಅವನ ನೆರಳು ಅಲ್ಲಾಡುತ್ತೆ. ನೀವು ಗಮನಿಸಿಲ್ಲ, ನಾನು ಗಮನಿಸಿದೀನಿ."

ಇಬ್ಬರ ಬಾಯಿಯೂ ತೆರೆದುಕೊಂಡಿತು. "ಅಮ್ಮ, ನೀನು ಸೀಸನ್ ತ್ರೀ ನೋಡಿದೀಯಾ?" ಅಂದಳು ಇಂಚರ. ಹುಟ್ಟಿದಾಗಿನಿಂದ ನನ್ನ ಮಗಳು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ನೆನಪಿಲ್ಲ. ನಾನು ಉಬ್ಬಿಹೋಗಿ, "ಆದ್ದರಿಂದ, ಇಬ್ಬರೂ ಎದುರಾದ್ರೆ ಗೆಲ್ಲೋದು," ಎನ್ನುವಷ್ಟರಲ್ಲಿ ಪೂವಿ ಹಾರಿ ಬಂದು ನನ್ನ ಬಾಯಿ ಮುಚ್ಚಿದಳು.

"ಆಂಟಿ, ಮತ್ ಬೋಲೋ. ಪ್ಲೀಸ್."

"ಹೇಳಬೇಡ ಅಮ್ಮ," ಅಂದಳು ಇಂಚರ. ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ ಅಂದಳು. "ಹೇಳಿಬಿಟ್ರೆ ಮುಗಿದುಹೋಗುತ್ತೆ. ಆಮೇಲೆ ಫೋನಲ್ಲಿ ನಾವು ಏನ್ ಮಾತಾಡೋದು?"

ಪೂವಿಯ ಅಂಗೈಯಿಂದ ಕರ್ಪೂರದ ವಾಸನೆ ಬರುತ್ತಿತ್ತು. ನನಗೆ ತಾತ ನೆನಪಾದರು. ಹುಸೇನ್ ಸಾಬರು ತೀರಿಕೊಂಡ ಮೇಲೆ ತಾತ ಜಗಲಿಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಸಾಬರು ಬಿಟ್ಟುಹೋಗಿದ್ದ ಮುರುಕು ಕೊಡೆ ಗೋಡೆಗೆ ಒರಗಿರುತ್ತಿತ್ತು. ಕಾಫಿ ಕೊಡಲು ಹೋದ ನನಗೆ ಒಂದು ದಿನ, "ಮಂಡಿ ಮೊಹಲ್ಲಾದವನೇ ಗೆಲ್ಲುತ್ತಿದ್ದ ಕಣೆ. ನನಗೆ ಮೊದಲಿಂದ ಗೊತ್ತಿತ್ತು," ಎಂದರು. ಹಾಗಾದರೆ ಸಾಬರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ದರೆ ಅವನು ಮಾರನೇ ದಿನ ಯಾಕೆ ಬರುತ್ತಿದ್ದ?" ಎಂದರು. ಆಗ ನನಗೆ ಅರ್ಥವಾಗಿರಲಿಲ್ಲ. ದಿಲ್ಲಿಯಲ್ಲಿ, ಬಾಯಿ ಮುಚ್ಚಿಸಿಕೊಂಡು ನಿಂತಾಗ ಅರ್ಥವಾಯಿತು. ಮೆಟ್ರೋದಲ್ಲಿ ಕಷ್ಟಪಟ್ಟು ಸಂಪಾದಿಸಿದ ತೀರ್ಪನ್ನು ನುಂಗಿಕೊಂಡೆ. ಅತ್ತೆ ಇಬ್ಬರು ರಾಕ್ಷಸರನ್ನೂ ಒಟ್ಟಿಗೆ ಹಿಡಿದು, ಒಂದೇ ಕರವಸ್ತ್ರದ ಮೇಲೆ ಮಗ್ಗುಲು ಮಗ್ಗುಲಾಗಿ ಮಲಗಿಸಿದರು.

ಲಾರಿ ಬಂದ ದಿನ ಪೂವಿ ಕೆಳಗೆ ಬಂದು ಗಡಿಯಾರದವನನ್ನು ನನ್ನ ಕೈಗಿಟ್ಟಳು. ಅವಳ ಬೆನ್ನಚೀಲದ ಜೇಬಿನಿಂದ ನಮ್ಮ ನೆರಳು ನುಂಗುವವನು ಇಣುಕುತ್ತಿದ್ದ.

"ಪ್ರಿಸನರ್ ಆಫ್ ವಾರ್, ಆಂಟಿ. ಅವ್ಳ ಹತ್ರ ನನ್ನೋನು, ನನ್ನ ಹತ್ರ ಅವಳೋನು. ನೆಕ್ಸ್ಟ್ ದಸರಾಕ್ಕೆ ಎಕ್ಸ್‌ಚೇಂಜ್. ಕೈದಿಗೆ ಏನೂ ಆಗಬಾರದು, ವೋ ರೂಲ್ ಹೈ," ಅಂದಳು ಸೈನಿಕನ ಮಗಳು. ಇಂಚರ ತಲೆಯಾಡಿಸಿದಳು. ಆಮೇಲೆ ಇಬ್ಬರೂ ಅತ್ತರು, ಜಗಳವಿಲ್ಲದೆ, ಚೆನ್ನಾಗಿ ಅತ್ತರು. ದೇಚಮ್ಮ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡು ನಕ್ಕಳು.

ಈಗ ಪ್ರತಿ ಭಾನುವಾರ ಪುಣೆಯಿಂದ ವಿಡಿಯೋ ಕಾಲ್ ಬರುತ್ತದೆ. ಮೊದಲು ಕೈದಿಗಳ ತಪಾಸಣೆ, ಆಮೇಲೆ ಯುದ್ಧ. ಆ ಹುಬ್ಬು ಹೋದ ಮೇಲೆ ನಾನು ಫೋನು ಹಿಡಿದು ಅವನ ಬಲಗಡೆಯನ್ನಷ್ಟೇ ತೋರಿಸುತ್ತಾ ಬಂದಿದ್ದೆ. ಕಳೆದ ವಾರ ಕೈ ಜಾರಿ ಫೋನು ತಿರುಗಿತು.

"ಆಂಟಿ, ಅವ್ನ ಲೆಫ್ಟ್ ಐಬ್ರೋ ಎಲ್ಲಿ?"

"ಯುದ್ಧದಲ್ಲಿ ಹೋಯ್ತು ಪುಟ್ಟಿ," ಅಂದೆ, ಬೇರೇನೂ ತೋಚದೆ.

"ಯಾರ್ ಜೊತೆ? ನೆರಳಿನವನು ಇಲ್ಲಿ ನನ್ನ ಹತ್ರ ಇದಾನೆ."

ಇಂಚರ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಅಂದ್ರೆ ತೀಸ್ರಾ ಕೋಯೀ ಹೈ," ಅಂದಳು. ಮೂರನೆಯವನೊಬ್ಬ ಇದ್ದಾನೆ, ಗಡಿಯಾರದವನು ಕಾಲ ನಿಲ್ಲಿಸುವ ಮೊದಲೇ ಅವನ ಹುಬ್ಬು ಕಿತ್ತಿದ್ದಾನೆ, ಅಂದಮೇಲೆ ಇವರಿಬ್ಬರಿಗಿಂತಲೂ ಬಲಶಾಲಿ ಎಂಬಲ್ಲಿ ಆ ಮಕ್ಕಳು ಜೀವಮಾನದಲ್ಲಿ ಮೊದಲ ಸಲ ಒಮ್ಮತಕ್ಕೆ ಬಂದರು. ಅವನು ಯಾರು, ಅವನನ್ನು ಸೋಲಿಸುವುದು ಹೇಗೆ ಎಂದು ಶುರುವಾದ ಮಾತು ಕುಕ್ಕರ್ ಕೂಗಿದರೂ ನಿಲ್ಲಲಿಲ್ಲ. ನಾನು ನೇಲ್ ಪಾಲಿಶ್ ರಿಮೂವರಿನ ಬಾಟಲಿಯನ್ನು ಅಲಮಾರಿಯಲ್ಲಿ ಇನ್ನಷ್ಟು ಹಿಂದಕ್ಕೆ ತಳ್ಳಿ, ಬಾಯಿ ಮುಚ್ಚಿಕೊಂಡು ಸಾರಿಗೆ ಒಗ್ಗರಣೆ ಹಾಕಲು ಹೋದೆ.